ಒಂದನೇ ನಂಬರಿನ ಗುಂಡು

ಶಿಷ್ಯ ಕೇಳಿದ: “ಗುರುಗಳೇ, ತಪ್ಪು ಮಾಡಿದವನನ್ನು ತಿದ್ದುವುದಕ್ಕೆ ಮೊನಚಾದ ಸಣ್ಣ ಮಾತು ಮೇಲೋ, ತೂಕದ ದೊಡ್ಡ ಮಾತು ಮೇಲೋ?”

ಕೇಳಿದವನ ಹೆಸರು ನಿರ್ವಾಣಯ್ಯ. ಬಯಲುಸೀಮೆಯ ಒಂದು ಸಣ್ಣ ಮಠದಲ್ಲಿ ಓದಿ ಬೆಳೆದವನು. ಸಂಜೆಯ ಸಭೆಯಲ್ಲಿ ಊರವರಿಗೆ ನಾಲ್ಕು ಮಾತು ಹೇಳಲು ಆ ವರ್ಷ ಗುರುಗಳು ಅವನಿಗೆ ಅಪ್ಪಣೆ ಕೊಟ್ಟಿದ್ದರು. ಮಾತು ಅವನಿಗೆ ಒಲಿದಿತ್ತು. ಎರಡೇ ಮಾತಿನಲ್ಲಿ ಒಬ್ಬನ ಒಳಗನ್ನು ಹೊರಗೆ ತೆಗೆದು ಇಡಬಲ್ಲವನಾಗಿದ್ದ. ಜನ ತಲೆದೂಗುತ್ತಿದ್ದರು. ಆದ್ದರಿಂದ ಅವನ ಪ್ರಶ್ನೆಯೊಳಗೆ ಉತ್ತರವೂ ಇತ್ತು. ಸಣ್ಣ ಮಾತೇ ಮೇಲು ಎಂದು ಗುರುಗಳ ಬಾಯಿಂದ ಕೇಳಬೇಕು ಎಂಬುದಷ್ಟೇ ಅವನ ಆಸೆ.

ಗುರುಗಳು ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದರು. ಹೊಸೆಯುವುದನ್ನು ನಿಲ್ಲಿಸಲಿಲ್ಲ. ಒಂದು ಕತೆ ಹೇಳುತ್ತೇನೆ, ಬೇಟೆಯ ಕತೆ, ಮಠದ ಜಗಲಿಯ ಮೇಲೆ ಬೇಟೆಯ ಮಾತೇ ಎಂದು ಮೂಗು ಮುರಿಯಬೇಡ, ಶಿವ ಬೇಡರಿಗೂ ದೇವರೇ, ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಕಾವಲುಗಾರನಿದ್ದ. ಹೆಸರು ಗಾದ್ರಪ್ಪ. ಆದರೆ ಊರು ಅವನನ್ನು ಕಾವಲಪ್ಪ ಎಂದೇ ಕರೆಯುತ್ತಿತ್ತು. ಅವನ ಅಪ್ಪನನ್ನೂ ಹಾಗೆಯೇ ಕರೆದಿತ್ತು, ಅಜ್ಜನನ್ನೂ ಹಾಗೆಯೇ ಕರೆದಿತ್ತು. ಊರಿನ ಬೀಜದ ಮನೆಗೆ ಇಲಿ ಹೆಗ್ಗಣ ಬೀಳದಂತೆ, ಕಡಲೆಯ ಹೊಲಕ್ಕೆ ಮೊಲ ಇಳಿಯದಂತೆ ನೋಡಿಕೊಳ್ಳುವುದು ಆ ಮನೆತನದ ಕೆಲಸ. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದ ಅವರಿಗೆ ಮೊರದ ತುಂಬ ಕಾಳು. ಹೊಡೆದ ಬೇಟೆ ಅವರದೇ. ಮೊಲಕ್ಕೆ ಸರ್ಕಾರದ ತಡೆ ಇಲ್ಲದಿದ್ದ ಕಾಲದ ಮಾತು ಇದು.

ಆ ಮನೆತನಕ್ಕೆ ಹಿರಿಯರು ಹಾಕಿಕೊಟ್ಟ ಕಟ್ಟಳೆಗಳಿದ್ದವು. ಮನೆಗೆ ಒಂದೇ ಬಂದೂಕು ಇರಬೇಕು. ಎರಡಿದ್ದರೆ ಕೈ ಉದ್ದವಾಗುತ್ತದೆ, ಹೊಟ್ಟೆಯೂ ದೊಡ್ಡದಾಗುತ್ತದೆ ಎಂದು ಹಿರಿಯರ ಮಾತು. ಇನ್ನೊಂದು ಕಟ್ಟಳೆ ರುಮಾಲಿನದು. ಏಟು ತಪ್ಪಿದರೆ ತಪ್ಪಲಿ, ಅದರಲ್ಲಿ ನಾಚಿಕೆಯಿಲ್ಲ. ಏಟು ತಗುಲಿ ಪ್ರಾಣಿ ಓಡಿಹೋದರೆ ಮಾತ್ರ ಕಾವಲುಗಾರ ನಿಂತ ಜಾಗದಲ್ಲೇ ರುಮಾಲು ಬಿಚ್ಚಬೇಕು. ಅದನ್ನು ಹುಡುಕಬೇಕು, ಅದರ ನೋವು ಮುಗಿಸಬೇಕು, ಊರಬಾಗಿಲಿಗೆ ತಂದು ಹಿರಿಯರಿಗೆ ತೋರಿಸಬೇಕು. ಆಮೇಲೆಯೇ ತಲೆಗೆ ಬಟ್ಟೆ. ಅಲ್ಲಿಯವರೆಗೆ ಅವನು ಪಂಕ್ತಿಯಲ್ಲಿ ಉಣ್ಣುವಂತಿಲ್ಲ, ಯಾರ ಕೈಯ ವೀಳ್ಯವನ್ನೂ ಹಿಡಿಯುವಂತಿಲ್ಲ. ಬರಿತಲೆಯವನು ಹಿಡಿದ ವೀಳ್ಯ ಬರಿ ಎಲೆ ಎಂದು ಗಾದೆಯೇ ಇತ್ತು.

ಗಾದ್ರಪ್ಪ ಕಾವಲಿಗೆ ನಿಂತಾಗಿನಿಂದ ಒಮ್ಮೆಯೂ ರುಮಾಲು ಬಿಚ್ಚಿದವನಲ್ಲ. ಅವನ ರುಮಾಲು ಕೆಂಪು. ಸಂತೆಯ ಗದ್ದಲದ ನಡುವೆಯೂ ಅದು ದೂರಕ್ಕೆ ಕಾಣುತ್ತಿತ್ತು. ಕಾಣುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

ಒಂದು ವರ್ಷ ಅವನ ಅಪ್ಪನ ಕಾಲದ ಮದ್ದಿನ ಕೋವಿಯ ನಳಿಗೆ ಸೀಳಿತು. ಊರವರು ಸೇರಿ ಮಾತಾಡಿದರು. ಬೀಜದ ಮನೆಯೊಳಗೆ ಮದ್ದು ಸಿಡಿಸುವುದು ಇನ್ನು ಬೇಡ, ಪೇಟೆಯಲ್ಲಿ ಗಾಳಿ ಬಂದೂಕು ಬಂದಿದೆಯಂತೆ, ನಳಿಗೆ ಮಡಚಿದರೆ ಒಳಗೆ ಗಾಳಿ ಒತ್ತಿಕೊಳ್ಳುತ್ತದಂತೆ, ಹೊಗೆಯಿಲ್ಲ, ಕಿಡಿಯಿಲ್ಲ, ಅದನ್ನೇ ತರಲಿ ಎಂದು ಊರಗೌಡ ಹೇಳಿದ. ಯಾವುದನ್ನು ತರಬೇಕೆಂದು ಆರಿಸುವುದನ್ನು ಗಾದ್ರಪ್ಪನಿಗೇ ಬಿಟ್ಟರು.

ಅವನು ಪೇಟೆಗೆ ಹೊರಟಾಗ ಬಾಮೈದ ಬೋಸಯ್ಯನೂ ಜೊತೆಗೆ ಬಂದ. ಹೆಂಡತಿ ಮಾರಕ್ಕನ ತಮ್ಮ. ಪಕ್ಕದ ಊರಿನವನು. ಹಿಂದಿನ ವರ್ಷವೇ ಅವನು ಒಂದು ಗಾಳಿ ಬಂದೂಕು ಕೊಂಡಿದ್ದ. ಆ ವಿಷಯದಲ್ಲಿ ತನಗೆ ಭಾವನಿಗಿಂತ ಹೆಚ್ಚು ಗೊತ್ತು ಎಂದು ದಾರಿಯುದ್ದಕ್ಕೂ ತೋರಿಸಿಕೊಂಡ.

ಅಂಗಡಿಯವನು ಎರಡು ಬಂದೂಕುಗಳನ್ನು ತಂದು ಇಟ್ಟ. ನೋಡಲು ಅಣ್ಣತಮ್ಮಂದಿರ ಹಾಗೆ ಇದ್ದವು. ಬೇರೆಯಾಗಿದ್ದದ್ದು ನಳಿಗೆಯ ತೂತು ಮಾತ್ರ. ಒಂದಕ್ಕೆ ಒಂದನೇ ನಂಬರಿನ ಗುಂಡು, ಇನ್ನೊಂದಕ್ಕೆ ಎರಡನೇ ನಂಬರಿನ ಗುಂಡು. ಎರಡನ್ನೂ ಗಾದ್ರಪ್ಪನ ಅಂಗೈಗೆ ಸುರಿದ. ಸೀಸದವು, ಡಮರುಗದ ಹಾಗೆ ನಡು ಸಣ್ಣ. ಒಂದನೆಯದು ಜೋಳದ ಕಾಳಿಗಿಂತ ತುಸು ದಪ್ಪ. ಎರಡನೆಯದು ತೊಗರಿ ಕಾಳಿನಷ್ಟು.

“ಸಣ್ಣದು ನೀವು ನೋಡಿದ ಕಡೆಗೇ ಹೋಗ್ತದೆ,” ಎಂದ ಅಂಗಡಿಯವನು. “ದೊಡ್ಡದು ನೀವು ಸ್ವಲ್ಪ ತಪ್ಪಿದರೂ ಕ್ಷಮಿಸ್ತದೆ.”

ಆಮೇಲೆ ಬಿಡಿಸಿ ಹೇಳಿದ. ಸಣ್ಣದಕ್ಕೆ ವೇಗ ಹೆಚ್ಚು, ದಾರಿ ನೇರ. ಸಂದಿಯಲ್ಲಿ ಇಲಿಯ ಕಿವಿಯಷ್ಟೇ ಕಂಡರೂ ಸಾಕು. ಆದರೆ ಅದಕ್ಕೆ ತೂಕವಿಲ್ಲ. ದೂರ ಹೋದ ಹಾಗೆಲ್ಲ ಗಾಳಿ ಅದನ್ನು ಪಕ್ಕಕ್ಕೆ ಎಳೆಯುತ್ತದೆ. ಮೈಗೆ ತಗುಲಿದರೆ ಸೂಜಿಯ ಹಾಗೆ ತೂರಿಹೋಗುತ್ತದೆ, ಪ್ರಾಣಿ ಬೀಳುವುದಿಲ್ಲ. ದೊಡ್ಡದು ನಿಧಾನ, ಬಾಗಿಕೊಂಡು ಹೋಗುತ್ತದೆ. ದೂರವನ್ನು ಅಂದಾಜು ಮಾಡಿ ಗುರಿಯನ್ನು ತುಸು ಮೇಲೆ ಹಿಡಿಯಬೇಕು. ಆದರೆ ತಗುಲಿತೆಂದರೆ ಗುದ್ದಿದ ಹಾಗೆ. ಮೊಲವಾಗಲಿ ಹೆಗ್ಗಣವಾಗಲಿ ಇದ್ದಲ್ಲೇ ಕೂತುಬಿಡುತ್ತದೆ. ಬೀಜದ ಮನೆಗೆ ಸಣ್ಣದು ಸರಿ, ಹೊಲಕ್ಕೆ ದೊಡ್ಡದು ಸರಿ, ಎರಡನ್ನೂ ಒಯ್ಯಿರಿ ಎಂದ.

ಎರಡನ್ನು ಒಯ್ಯಲು ಮನೆತನದ ಕಟ್ಟಳೆ ಬಿಡುತ್ತಿರಲಿಲ್ಲ.

“ಭಾವ, ದೊಡ್ಡದೇ ತಗೋ,” ಎಂದ ಬೋಸಯ್ಯ. ಅವನದೂ ಎರಡನೇ ನಂಬರಿನದೇ. “ವಯಸ್ಸು ನಿನ್ನನ್ನೇನು ಕೇಳ್ಕೊಂಡು ಬರ್ತೈತಾ? ನಾಳೆ ಕೈ ನಡುಗಿದ್ರೂ ಇದು ಕಾಪಾಡ್ತೈತೆ.”

ಗಾದ್ರಪ್ಪ ಸಣ್ಣ ಗುಂಡನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ನೋಡಿದ.

“ಕ್ಷಮಿಸೋ ಗುಂಡು ತಪ್ಪು ಮಾಡೋರಿಗೆ ಇರಲಿ,” ಎಂದ. “ನಮ್ಮ ಮನೆಗೆ ಇದೇ ಸಾಕು.”

ಅಂಗಡಿಯವನು ನಕ್ಕ. ಬೋಸಯ್ಯ ನಗಲಿಲ್ಲ.

ಊರಿಗೆ ಬಂದ ಮೇಲೆ ಗಾದ್ರಪ್ಪ ಬಂದೂಕನ್ನು ಪಳಗಿಸಿದ. ಒಣಗಿದ ಸೋರೆಬುರುಡೆಗಳನ್ನು ಹತ್ತಿರ ಇಟ್ಟು ಹೊಡೆದ, ದೂರ ಇಟ್ಟು ಹೊಡೆದ. ಹೊಲದ ಬದುವಿನ ಬೇವಿನ ಮರದವರೆಗೆ ಗುಂಡು ಅವನ ಮಾತು ಕೇಳುತ್ತಿತ್ತು. ಮರದಾಚೆಗೆ ಗಾಳಿಯ ಮಾತು ಕೇಳುತ್ತಿತ್ತು. ಬೇವಿನ ಮರದಾಚೆಗೆ ಹೊಡೆಯಬಾರದು ಎಂದು ಅವನು ತನಗೆ ತಾನೇ ಹೇಳಿಕೊಂಡ. ಬೇರೆ ಯಾರಿಗೂ ಹೇಳಲಿಲ್ಲ.

ಆ ಬೇಸಿಗೆಯಲ್ಲಿ ಬೀಜದ ಮನೆಯಲ್ಲಿ ಅವನು ಮಾಡಿದ ಕೆಲಸವನ್ನು ಊರು ಬಹಳ ಕಾಲ ಹೇಳಿಕೊಂಡಿತು. ಬೀಜದ ಮನೆಯೆಂದರೆ ಗೋಡೆಯಿಂದ ಗೋಡೆಗೆ ನಿಲ್ಲಿಸಿದ ಮಣ್ಣಿನ ವಾಡೆಗಳು. ಪ್ರತಿ ಮನೆಯ ಬಿತ್ತನೆ ಕಾಳು ಆ ವಾಡೆಗಳಲ್ಲಿ. ಒಂದು ವಾಡೆ ಒಡೆದರೆ ಒಂದು ಮನೆಯ ಬಿತ್ತನೆ ಹೋಯಿತು. ಗಾದ್ರಪ್ಪ ಹಗಲು ಬೆಳಕಿಂಡಿಯ ಕೆಳಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದ. ವಾಡೆಗಳ ಸಂದಿಯಲ್ಲಿ ಒಂದು ಮೂಗು ಕಾಣುತ್ತಿತ್ತು, ಮೀಸೆ ಅಲುಗುತ್ತಿತ್ತು. ಟಪ್ ಎಂದು ಒಂದು ಸಣ್ಣ ಸದ್ದು, ಅಷ್ಟೇ. ಮಳೆ ಬರುವ ಹೊತ್ತಿಗೆ ಬೀಜದ ಮನೆಯಲ್ಲಿ ಇಲಿಯ ಹಿಕ್ಕೆ ಇರಲಿಲ್ಲ. ವಾಡೆಗಳ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಹೆಂಗಸರು ವಾಡೆಗಳ ಮೇಲೆ ಕೈಯಾಡಿಸಿ ನೋಡಿ, ಕಾವಲಪ್ಪ ಬಂದೂಕಿನಲ್ಲಿ ಹೊಡೆಯುವುದಿಲ್ಲ, ಕಣ್ಣಿನಲ್ಲಿ ಹೊಡೆಯುತ್ತಾನೆ ಎಂದರು. ಬಿತ್ತನೆಯ ದಿನ ಮೊದಲ ಹಿಡಿ ಬೀಜವನ್ನು ಅವನ ಕೈಯಿಂದ ಹಾಕಿಸಿದರು. ಗೌಡನ ಮನೆಗೆ ಸಲ್ಲುತ್ತಿದ್ದ ಮರ್ಯಾದೆ ಅದು. ಗೌಡನೇ ಬಿಟ್ಟುಕೊಟ್ಟ.

ಆ ದಿನ ಕೆಂಪು ರುಮಾಲು ಸ್ವಲ್ಪ ಎತ್ತರಕ್ಕೇ ಕಟ್ಟಿದ್ದಿರಬೇಕು. ಇರಲಿ, ಅದರಲ್ಲಿ ತಪ್ಪೇನಿಲ್ಲ. ಊರ ಬೀಜ ಉಳಿಸಿದವನ ತಲೆ ಎತ್ತರ ನಿಂತರೆ ಊರಿಗೇ ಎತ್ತರ.

ಚಳಿಗಾಲ ಬಂತು. ಕಡಲೆ ಹೂವಿಗೆ ಬಂದಿತ್ತು. ಗಾದ್ರಪ್ಪನ ಮಗಳು ತಿಪ್ಪಕ್ಕನಿಗೆ ಒಂದು ಸಂಬಂಧ ಕೂಡಿಬಂತು. ತಂದವನು ಬೋಸಯ್ಯನೇ. ಗಂಡಿನ ಮನೆ ದೊಡ್ಡದು, ಹೆಸರಾದ ಮನೆತನ. ಗಂಡಿನ ಅಜ್ಜ ಮಾತಿಗೆ ಗಟ್ಟಿ, ಮುಖದಲ್ಲಿ ನಗು ಕಡಿಮೆ. ಈ ಕಾವಲಿನ ಮನೆಯ ಹೆಸರು ಕೇಳಿಯೇ ಅವನು ಒಪ್ಪಿದ್ದ. ವೀಳ್ಯ ಹಿಡಿಯಲು ದಿನ ಗೊತ್ತಾಯಿತು. ಮುಂಚಿನ ಸಂಜೆಯೇ ಬೀಗರು ಗಾಡಿ ಕಟ್ಟಿಕೊಂಡು ಬಂದು ಇಳಿದರು.

ಬೀಗರಿಗೆ ಬೇಟೆಯ ಊಟ ಹಾಕುವುದು ಆ ಮನೆಯ ವಾಡಿಕೆ. ಬೆಳಕು ಹರಿಯುವಾಗಲೇ ಗಾದ್ರಪ್ಪ ಬಂದೂಕು ಹಿಡಿದು ಕಡಲೆಯ ಹೊಲಕ್ಕೆ ನಡೆದ. ಬೋಸಯ್ಯ ಬರಿಗೈಯಲ್ಲಿ ಹಿಂದೆ ಬಂದ. ಹೊಲದಾಚೆ ಬಂಡೆಗಳ ಗುಡ್ಡ. ಮೂಡಗಾಳಿ ಬೀಸುತ್ತಿತ್ತು. ಬೇವಿನ ಮರದವರೆಗೆ ಏನೂ ಇರಲಿಲ್ಲ. ಮರದಿಂದ ಬಹಳ ಆಚೆ, ಗುಡ್ಡದ ಬುಡದಲ್ಲಿ, ಒಂದು ಮೊಲ ಕಡಲೆಯ ಕುಡಿ ಮೇಯುತ್ತಿತ್ತು.

ಗಾದ್ರಪ್ಪ ಕುಳಿತ. ಕಾಯೋಣ, ಈಚೆಗೆ ಬರುತ್ತದೆ ಎಂದ.

“ಸಣ್ಣ ಗುಂಡಿನವರು ಇನ್ನೇನು ಮಾಡ್ತೀರಿ ಬಿಡು,” ಎಂದ ಬೋಸಯ್ಯ. “ಹತ್ರಕ್ಕೆ ಬಾರವ್ವ ಅಂತ ಮೊಲಕ್ಕೆ ಅರಿಶಿನ ಕುಂಕುಮ ಕೊಟ್ಟು ಕರೀಬೇಕು.”

ಬೋಸಯ್ಯ ಮುಂದುವರಿಸಿದ. ರಾತ್ರಿ ಊಟದ ಮೇಲೆ ಗಂಡಿನ ಅಜ್ಜ ತನ್ನನ್ನು ಪಕ್ಕಕ್ಕೆ ಕರೆದು ಕೇಳಿದರಂತೆ, ಈ ಮನೆಯವನ ಕಣ್ಣಿನ ಬಗ್ಗೆ ಹೇಳುವುದೆಲ್ಲ ನಿಜವೋ, ಬರಿ ಹಾಡೋ ಎಂದು. ನಾನೇನು ಹೇಳಲಿ ಭಾವ, ಬೇವಿನ ಮರದವರೆಗೆ ನಿಜ, ಆಮೇಲೆ ಹಾಡು ಅನ್ನಲೇ ಎಂದ.

ಬೇವಿನ ಮರದ ವಿಷಯ ತಾನು ಯಾರಿಗೂ ಹೇಳಿರಲಿಲ್ಲವಲ್ಲ ಎಂದು ಗಾದ್ರಪ್ಪನಿಗೆ ಚುರುಕ್ಕೆಂದಿತು. ಹೇಳದಿದ್ದರೂ ಕಂಡವರಿಗೆ ಕಂಡಿತ್ತು. ಅವನು ನಳಿಗೆ ಮಡಚಿದ. ಗುಂಡು ಇಟ್ಟ. ಗಾಳಿಗೆಂದು ಗುರಿಯನ್ನು ಪಕ್ಕಕ್ಕೆ ಹಿಡಿದ. ಬೋಸಯ್ಯ ಇನ್ನೂ ಏನೋ ಹೇಳುತ್ತಲೇ ಇದ್ದ. ಗಾದ್ರಪ್ಪ ಬಂದೂಕಿನ ಕುದುರೆ ಎಳೆದ.

ಮೊಲ ನೆಗೆಯಿತು. ನೆಗೆದು ಬಂಡೆಗಳ ಕಡೆಗೆ ಓಡಿ ಮರೆಯಾಯಿತು.

“ತಪ್ಪಿತು,” ಎಂದ ಬೋಸಯ್ಯ. ಅವನ ದನಿ ಈಗ ಮೆತ್ತಗಾಗಿತ್ತು. ಗೆದ್ದವನ ಉದಾರತನ ಅದು. “ಹೋಗ್ಲಿ ಬಿಡು ಭಾವ, ಗಾಳಿ ಇತ್ತು.”

ಗಾದ್ರಪ್ಪ ಅಲುಗಲಿಲ್ಲ. ಮದ್ದಿನ ಕೋವಿಯಾಗಿದ್ದರೆ ಅದರ ಸದ್ದಿನಲ್ಲಿ ಉಳಿದದ್ದೆಲ್ಲ ಮುಚ್ಚಿಹೋಗುತ್ತಿತ್ತು. ಗಾಳಿ ಬಂದೂಕು ಹಾಗಲ್ಲ. ಅದರ ಗುಂಡು ಎಲ್ಲಿ ಮುಟ್ಟಿತು ಎಂಬುದು ಹೊಡೆದವನ ಕಿವಿಗೆ ಬರುತ್ತದೆ. ಕಲ್ಲಿಗಾದರೆ ಟಿಣ್ ಎನ್ನುತ್ತದೆ. ಮಣ್ಣಿಗಾದರೆ ಸದ್ದೇ ಇಲ್ಲ. ಮೈಗಾದರೆ ಒದ್ದೆ ಬಟ್ಟೆಯನ್ನು ಬೆರಳಲ್ಲಿ ಮೀಟಿದ ಹಾಗೆ. ಅವನಿಗೆ ಕೇಳಿಸಿದ್ದು ಒದ್ದೆ ಬಟ್ಟೆಯ ಸದ್ದು. ಮಾತಾಡುತ್ತಿದ್ದ ಬೋಸಯ್ಯನಿಗೆ ಅದು ಕೇಳಿಸಿರಲಿಲ್ಲ.

ತಪ್ಪಿತು ಎಂದು ಒಪ್ಪಿಕೊಂಡರೆ ಮುಗಿಯಿತು. ತಪ್ಪಿದ ಏಟಿಗೆ ಕಟ್ಟಳೆಯಿಲ್ಲ. ಮನೆಗೆ ಹೋಗಿ ಸ್ನಾನ ಮಾಡಿ ವೀಳ್ಯ ಹಿಡಿಯಬಹುದು. ಮಗಳು ದೊಡ್ಡ ಮನೆ ಸೇರುತ್ತಾಳೆ. ತಗುಲಿತು ಎಂದರೆ ಬರಿತಲೆ. ಬರಿತಲೆಯವನು ವೀಳ್ಯ ಹಿಡಿಯುವಂತಿಲ್ಲ. ಶುಭಕಾರ್ಯದ ದಿನ ಹೆಣ್ಣಿನ ತಂದೆ ತಲೆ ಬಿಚ್ಚಿಕೊಂಡು ಬಂದರೆ ಬೀಗರು ಅದನ್ನು ಶಕುನ ಎನ್ನಬಹುದು, ಅವಮಾನ ಎನ್ನಬಹುದು, ಎದ್ದೇ ಹೋಗಬಹುದು.

ಅವನು ಬಂದೂಕನ್ನು ಬದುವಿಗೆ ಒರಗಿಸಿದ. ಎರಡು ಕೈಯಲ್ಲೂ ರುಮಾಲು ಬಿಚ್ಚಿದ.

ಬೋಸಯ್ಯ ಗಾಬರಿಯಾದ. “ಏನ್ ಮಾಡ್ತಿದೀಯಾ ಭಾವ? ಒಂದು ಮೊಲಕ್ಕೆ ಬೀಗರ ಮುಂದೆ ತಲೆ ಬಿಚ್ತೀಯಾ? ಅದೇನು ಊರಬಾಗಿಲಿಗೆ ಬಂದು ಸಾಕ್ಷಿ ಹೇಳ್ತೈತಾ?”

“ಅದು ಬರಲ್ಲ,” ಎಂದ ಗಾದ್ರಪ್ಪ. “ಅದಕ್ಕೇ ನಾನು ಹೋಗಬೇಕು.”

ಮೊದಲು ಅವನು ಮನೆಗೆ ಬಂದ. ಹೇಳದೆ ಹೋದರೆ ಓಡಿಹೋದಂತೆ. ಅಂಗಳದಲ್ಲಿ ಚಪ್ಪರ ಹಾಕಿದ್ದರು. ಬೀಗರು ಕಂಬಳಿಯ ಮೇಲೆ ಕೂತಿದ್ದರು. ಬರಿತಲೆಯಲ್ಲಿ ಅವನು ಅಂಗಳಕ್ಕೆ ಕಾಲಿಟ್ಟಾಗ ಮಾತೆಲ್ಲ ನಿಂತಿತು. ತನ್ನ ಏಟು ತಗುಲಿ ಮೊಲವೊಂದು ಜೀವಸಹಿತ ಹೋಗಿದೆ, ಅದನ್ನು ಹುಡುಕುವ ತನಕ ವೀಳ್ಯ ಹಿಡಿಯಲಾರೆ ಎಂದು ನಿಂತುಕೊಂಡೇ ಹೇಳಿದ. ಬೇವಿನ ಮರದಾಚೆಗೆ ಹೊಡೆದದ್ದು ತನ್ನದೇ ತಪ್ಪು ಎಂದೂ ಹೇಳಿದ. ಬಾಮೈದನ ಮಾತು ತೆಗೆಯಲಿಲ್ಲ.

ಬೀಗರಲ್ಲಿ ಗುಜುಗುಜು ಎದ್ದಿತು. ಗಂಡಿನ ಅಜ್ಜ ಕೈಯೆತ್ತಿ ನಿಲ್ಲಿಸಿದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ನಾನು ದಿನ ನೋಡಿಕೊಂಡು ಬಂದವನು, ದಿನ ಮೀರಿಸಿ ಕೂರುವವನಲ್ಲ, ದನ ಹಟ್ಟಿಗೆ ಬರುವ ತನಕ ಕಾಯುತ್ತೇನೆ, ಆಮೇಲೆ ಗಾಡಿ ಕಟ್ಟುತ್ತೇನೆ, ಮುಂದಿನ ಊರಿನಲ್ಲಿ ನಮಗೆ ಹೇಳಿಟ್ಟ ಇನ್ನೊಂದು ಹೆಣ್ಣಿನ ಮನೆಯಿದೆ ಎಂದ.

ಗಾದ್ರಪ್ಪ ಒಳಗೆ ಹೋದ. ಮಾರಕ್ಕ ಒಲೆಯ ಮುಂದಿದ್ದಳು. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಅವನ ಕೈಯಿಂದ ರುಮಾಲು ತೆಗೆದುಕೊಂಡು, ಕೊಡವಿ, ದೇವರಗೂಡಿನ ಪಕ್ಕದ ಗೂಟಕ್ಕೆ ಹಾಕಿದಳು.

“ಎಲ್ಲಿಗೆ ತಗುಲಿತು?” ಎಂದಳು.

“ಹೊಟ್ಟೆಯ ಹಿಂದಕ್ಕೆ ಅಂತ ಕಾಣ್ತೈತೆ.”

“ಹಂಗಾದ್ರೆ ಬಹಳ ದೂರ ಹೋಗಿರಲ್ಲ. ಬಹಳ ನೋಯ್ತಿರ್ತೈತೆ. ಹೋಗು.”

ಬೋಸಯ್ಯ ಬಾಗಿಲಲ್ಲಿ ನಿಂತು ಗೊಣಗಿದ. ಇಷ್ಟು ಕಷ್ಟಪಟ್ಟು ತಂದ ಸಂಬಂಧ, ಒಂದು ಮೊಲದ ಬಾಲಕ್ಕೆ ಕಟ್ಟಿಬಿಟ್ಟಿರಿ ಎಂದ. ಮಾರಕ್ಕ ತಿರುಗಿಯೂ ನೋಡದೆ, ನೀನು ಬೀಗರಿಗೆ ಮಜ್ಜಿಗೆ ಕೊಡು, ಬಾಯಿಗೆ ಕೆಲಸ ಕೊಡಬೇಡ ಎಂದಳು.

ಗಾದ್ರಪ್ಪ ಗುಡ್ಡದ ಬುಡಕ್ಕೆ ಬಂದ. ಮೊಲ ಮೇಯುತ್ತಿದ್ದ ಜಾಗ ಸಿಕ್ಕಿತು. ಕಡಿದ ಕುಡಿ ಸಿಕ್ಕಿತು. ನೆತ್ತರು ಸಿಗಲಿಲ್ಲ. ಅವನು ಆರಿಸಿದ ಗುಂಡಿನ ಗುಣ ಈಗ ಅವನಿಗೆ ಪೂರ್ತಿ ತಿಳಿಯಿತು. ಸಣ್ಣ ಗುಂಡಿನ ಗಾಯ ಸಣ್ಣದು. ಒಳಗೆ ಎಷ್ಟು ಆಳ ಹೋಗಿದ್ದರೂ ಹೊರಗೆ ಬಾಯಿ ಕಾಣದು. ದೊಡ್ಡ ಗುಂಡಾಗಿದ್ದರೆ ಹಾದಿಯುದ್ದಕ್ಕೂ ಕೆಂಪು ಬಿದ್ದಿರುತ್ತಿತ್ತು, ಕುರುಡನೂ ಹಿಡಿದು ಹೋಗಬಹುದಿತ್ತು. ಇದು ತನ್ನ ಗುರುತನ್ನೇ ಬಿಡುವುದಿಲ್ಲ. ಬೀಜದ ಮನೆಯಲ್ಲಿ ಯಾವುದನ್ನು ನೋಡಿ ಊರು ಹೊಗಳಿತ್ತೋ ಅದೇ ಈಗ ಅವನ ದಾರಿ ಮುಚ್ಚಿತ್ತು.

ಅವನು ಮಂಡಿಯೂರಿದ. ಬಂಡೆಯಿಂದ ಬಂಡೆಗೆ, ಪೊದೆಯಿಂದ ಪೊದೆಗೆ ಮಂಡಿಯಲ್ಲೇ ಹೋದ. ಕಾರೆಮುಳ್ಳು ತಲೆಗೆ ತರಚಿತು. ರುಮಾಲು ಇಲ್ಲದ ತಲೆ. ಬಿಸಿಲು ನೆತ್ತಿಗೆ ಬಂತು. ಊರಿನ ಕಡೆಯಿಂದ ಒಂದಿಬ್ಬರು ಬಂದು ನಾವೂ ಹುಡುಕುತ್ತೇವೆ ಎಂದರು. ಬೇಡ, ಹೊಡೆದವನು ನಾನು ಎಂದು ಕಳಿಸಿದ. ಅವರು ಹೋದ ಮೇಲೆ ಅವನಿಗೆ ಅಳು ಬಂತು. ಮಗಳ ಮುಖ ನೆನಪಾಗಿ ಬಂದ ಅಳು. ಕಣ್ಣೊರೆಸಿಕೊಂಡು ನೋಡುವಾಗ ಒಂದು ಕಲ್ಲಿನ ಮೇಲೆ ಕಟ್ಟಿರುವೆಗಳು ಗುಂಪುಗೂಡಿದ್ದವು. ಊದಿದ. ಇರುವೆಗಳು ಚದುರಿದವು. ಕೆಳಗೆ ಸಾಸಿವೆಯಷ್ಟು ನೆತ್ತರು.

ಆಮೇಲೆ ಅವನು ಮೊಲವನ್ನು ಹುಡುಕಲಿಲ್ಲ, ಇರುವೆಗಳನ್ನು ಹುಡುಕಿದ. ಇರುವೆ ಇದ್ದಲ್ಲಿ ಊದಿದ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಬಹಳ ಹೊತ್ತಾಯಿತು. ಹೊತ್ತು ಇಳಿಯುವಾಗ ಎರಡು ಬಂಡೆಗಳ ನಡುವಿನ ಸೀಳಿನಲ್ಲಿ ಅದು ಕಂಡಿತು. ಜೀವವಿತ್ತು. ಪಕ್ಕೆ ಏರಿಳಿಯುತ್ತಿತ್ತು. ಅವನನ್ನು ನೋಡಿತು, ಓಡಲು ನೋಡಲಿಲ್ಲ. ಗಾದ್ರಪ್ಪ ಅದರ ತಲೆಯ ಮೇಲೆ ಕೈಯಿಟ್ಟು, ತಪ್ಪಾಯಿತು ಎಂದ. ಆ ಮಾತನ್ನು ಅದುವರೆಗೆ ಯಾರಿಗಾದರೂ ಅಂದಿದ್ದು ಅವನಿಗೇ ನೆನಪಿರಲಿಲ್ಲ. ಆಮೇಲೆ ಅದರ ನೋವು ಮುಗಿಸಿದ.

ಊರಿಗೆ ಹಿತ್ತಿಲ ದಾರಿಯೂ ಇತ್ತು. ಅವನು ಆ ದಾರಿ ಹಿಡಿಯಲಿಲ್ಲ. ದನ ಬರುವ ದೊಡ್ಡ ದಾರಿಯಲ್ಲಿ, ಧೂಳಿನ ನಡುವೆ, ಮೊಲವನ್ನು ಎರಡು ಕೈಯಲ್ಲಿ ಎತ್ತಿಹಿಡಿದು, ಬರಿತಲೆಯಲ್ಲಿ ನಡೆದು ಬಂದ. ತಲೆಯಲ್ಲಿ ಮುಳ್ಳು ಗೀರಿದ ನೆತ್ತರು ಒಣಗಿತ್ತು. ಮಂಡಿಯ ಪಂಚೆ ಹರಿದಿತ್ತು. ಊರಬಾಗಿಲ ಕಟ್ಟೆಯ ಮೇಲಿದ್ದ ಹಿರಿಯರು ಅವನನ್ನು ಕಂಡು ಒಬ್ಬೊಬ್ಬರಾಗಿ ಎದ್ದುನಿಂತರು. ರುಮಾಲು ಇದ್ದಾಗ ಅವನಿಗೆ 'ಕೂತ್ಕೋ ಕಾವಲಪ್ಪ' ಎನ್ನುತ್ತಿದ್ದರು. ಆ ದಿನ ತಾವೇ ಎದ್ದರು. ಕೆಂಪು ರುಮಾಲು ಕಟ್ಟಿದ ಯಾವ ದಿನವೂ ಅವನ ಕತ್ತು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ಬೀಗರ ಗಾಡಿ ಅಲ್ಲಿಯೇ ಬಾಗಿಲಲ್ಲಿತ್ತು. ಎತ್ತು ಹೂಡಿಯಾಗಿತ್ತು. ಗಂಡಿನ ಅಜ್ಜ ಹತ್ತಿ ಕೂತಿದ್ದ. ಬೋಸಯ್ಯ ಗಾಡಿಯ ಹಿಂದೆ ನಿಂತು ಏನೋ ಬೇಡಿಕೊಳ್ಳುತ್ತಿದ್ದ. ಗಾದ್ರಪ್ಪ ಗಾಡಿಯ ಕಡೆ ನೋಡಲಿಲ್ಲ. ಮೊದಲ ಕೆಲಸ ಮೊದಲು. ಮೊಲವನ್ನು ಗೌಡನ ಮುಂದಿಟ್ಟ. ಗೌಡ ಬಾಗಿ, ಗಾಯ ನೋಡಿ, ನೋವು ಮುಗಿದಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಆ ಮಾತಿಗೆ ಮುಂಚೆಯೇ ಮಾರಕ್ಕ ಗೂಟದ ಮೇಲಿನ ರುಮಾಲನ್ನು ಮಡಿಲಲ್ಲಿ ತಂದು ನಿಂತಿದ್ದಳು. ಗಾದ್ರಪ್ಪ ಅದನ್ನು ತೆಗೆದುಕೊಂಡು ಅಲ್ಲಿಯೇ ಸುತ್ತಿದ. ಸುತ್ತು ಓರೆಯಾಯಿತು. ಅವನು ಸರಿಮಾಡಲಿಲ್ಲ.

ಗಾಡಿಯ ಮೇಲಿಂದ ಮುದುಕ ಆ ಓರೆ ಸುತ್ತನ್ನು ನೋಡಿದ.

“ಎತ್ತು ಬಿಚ್ಚಪ್ಪಾ,” ಎಂದ ಗಾಡಿಯವನಿಗೆ.

ವೀಳ್ಯ ದೀಪದ ಬೆಳಕಿನಲ್ಲಿ ಆಯಿತು. ಗೊತ್ತಾದ ಗಳಿಗೆ ಮೀರಿದೆಯಲ್ಲ ಎಂದು ಯಾರೋ ಅಂದರಂತೆ. ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಪಂಚಾಂಗದಲ್ಲಿ ಸಿಕ್ಕಲಿಲ್ಲ ಎಂದು ಮುದುಕ ಅಂದನಂತೆ.

ಮದುವೆ ಮುಗಿದ ಮೇಲೆ ಊರವರು ಮತ್ತೆ ಸೇರಿದರು. ಆ ಬಂದೂಕು ಕೊಟ್ಟು ಎರಡನೇ ನಂಬರಿನದು ತರೋಣ, ನಿನಗೂ ಸುಲಭ ಎಂದು ಗೌಡ ಹೇಳಿದ. ಗಾದ್ರಪ್ಪ ಒಪ್ಪಲಿಲ್ಲ. ಬೀಜದ ಮನೆಗೆ ಇದೇ ಬೇಕು, ವಾಡೆಗಳಿಗೆ ನಾನು ಮಾತು ಕೊಟ್ಟಿದ್ದೇನೆ ಎಂದ. ಹೊಲಕ್ಕೆ ಮಾತ್ರ ಬೇರೆ ಏರ್ಪಾಡು ಮಾಡಿದ. ಬೇವಿನ ಮರದ ಸಾಲಿಗೆ ಕಡಲೆಯ ಹೊಲದ ಅಡ್ಡಕ್ಕೂ ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟ, ಎಲ್ಲರಿಗೂ ಕಾಣುವ ಹಾಗೆ. ಕಲ್ಲಿನ ಈಚೆಗೆ ಬಂದ ಮೊಲ ಕಾವಲುಗಾರನದು. ಆಚೆಗೆ ಇದ್ದದ್ದು ದೇವರದು. ಆಚೆಯ ಕಡಲೆ ಪ್ರತಿ ವರ್ಷ ಮೊಲದ ಪಾಲಾಯಿತು. ಊರು ಅದಕ್ಕೆ ದನಿ ಎತ್ತಲಿಲ್ಲ. ಅಷ್ಟು ದೂರ ನಿನಗೆ ಕಣ್ಣು ಕಾಣದೇ ಎಂದು ದಾರಿಹೋಕರು ಕೇಳಿದರೆ ಅವನು, ಕಣ್ಣು ಮುಟ್ಟುತ್ತದೆ, ಗುಂಡು ಮುಟ್ಟುವುದಿಲ್ಲ ಎನ್ನುತ್ತಿದ್ದ. ಹಾಗೆ ಹೇಳುವಾಗ ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹೊಸೆದ ಬತ್ತಿಗಳನ್ನು ಬಟ್ಟಲಿಗೆ ಜೋಡಿಸತೊಡಗಿದರು.

ನಿರ್ವಾಣಯ್ಯನ ಮುಖ ಬೆಳಗಿತ್ತು. ಕತೆ ಕೇಳುತ್ತಲೇ ಅವನು ಅದನ್ನು ನಾಳಿನ ಸಭೆಗೆ ಮಾತಾಗಿಸಿಕೊಂಡಿದ್ದ.

“ತಿಳಿಯಿತು ಗುರುಗಳೇ,” ಎಂದ. “ಸಣ್ಣ ಮಾತೇ ಸರಿ. ಆದರೆ ಹತ್ತಿರದವರಿಗೆ ಮಾತ್ರ ಆಡಬೇಕು. ದೂರದವರಿಗೆ ಆಡಿದರೆ ಒಳಗೆ ಹೊಕ್ಕು ನೋಯಿಸುತ್ತದೆ, ಗಾಯ ಹೊರಗೆ ಕಾಣುವುದಿಲ್ಲ.”

ಗುರುಗಳು ಚೆನ್ನಾಗಿ ಹೇಳಿದೆ ಎಂದರು. ಕೊನೆಯ ಬತ್ತಿಯನ್ನು ಬಟ್ಟಲಿಗಿಟ್ಟು ಕೇಳಿದರು:

“ಸೋಮವಾರ ನಿನ್ನ ಮಾತು ತಗುಲಿ ಸಭೆಯ ನಡುವೆ ಎದ್ದುಹೋದನಲ್ಲ ಕುಂಬಾರ, ಅವನು ಈಗ ಎಲ್ಲಿದ್ದಾನೆ?”